ಕಾರು ಮಾರಿದೆವು, ಇನ್ಶೂರೆನ್ಸ್ ಈಗಲೇ ಕ್ಯಾನ್ಸಲ್ ಮಾಡಿಸಬಹುದಾ?

ಪ್ರಶ್ನೆ: ನಮಸ್ಕಾರ ಸರ್, ನಮ್ಮದು ದಾವಣಗೆರೆ. ಹೋದ ವಾರ ಹಳೇ ಕಾರು ಮಾರಿದೆವು. ಒಂದು ವರ್ಷದ ಪಾಲಿಸಿ, 9,600 ರೂಪಾಯಿ ಕಟ್ಟಿ ಐದು ತಿಂಗಳಾಗಿದೆ. ಕ್ಲೇಮ್ ಮಾಡಿಲ್ಲ. ಮುಂದಿನ ತಿಂಗಳು ಹೊಸ ಕಾರು ತಗೊಳ್ಳುತ್ತೇವೆ. ಉಳಿದ ದುಡ್ಡು ವಾಪಸ್ ಬರುತ್ತದಾ? ಕೊಂಡವರು "ಪಾಲಿಸಿ ಹಾಗೇ ಇರಲಿ ಅಕ್ಕಾ" ಅನ್ನುತ್ತಿದ್ದಾರೆ.

ಉತ್ತರ: ಬರುತ್ತದೆ ಮೇಡಂ. ಆದರೆ ಆರ್‌ಸಿ ಅವರ ಹೆಸರಿಗೆ ಆಯ್ತಾ? ಆಗಿಲ್ಲದಿದ್ದರೆ ದಯವಿಟ್ಟು ಪಾಲಿಸಿ ಮುಟ್ಟಬೇಡಿ. ಕಾರು ಅವರ ಮನೆ ಮುಂದೆ ನಿಂತಿದ್ದರೂ ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನೇ ಹೇಳಿದೆ. ಇನ್ಶೂರೆನ್ಸ್ ಇಲ್ಲದ ಹೊತ್ತಲ್ಲಿ ಅವರು ಯಾರಿಗಾದರೂ ಗುದ್ದಿದರೆ ಪರಿಹಾರದ ಕೇಸು ನಿಮ್ಮ ತಲೆಗೆ ಸುತ್ತಿಕೊಳ್ಳುತ್ತದೆ.

ಪ್ರಶ್ನೆ: ಆರ್‌ಸಿ ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟಿದ್ದೇವೆ. ಅಷ್ಟು ಸಾಲದಾ?

ಉತ್ತರ: ಸಾಲದು. ಎಷ್ಟೋ ಜನ ಎಡವುವುದೇ ಇಲ್ಲಿ. ಸಹಿ ಹಾಕಿದ ಫಾರಂಗಳು ಕೊಂಡವರ ಡ್ಯಾಶ್‌ಬೋರ್ಡ್ ಒಳಗೆ, ಪೆಟ್ರೋಲ್ ಬಿಲ್ಲುಗಳ ನಡುವೆ, ತಿಂಗಳುಗಟ್ಟಲೆ ಮಡಚಿ ಬಿದ್ದಿದ್ದನ್ನು ನಾನೇ ನೋಡಿದ್ದೇನೆ. ಹೊಸ ಆರ್‌ಸಿ ನಕಲು ನಿಮ್ಮ ಕೈಗೆ ಬರುವವರೆಗೂ ಅವರ ಬೆನ್ನು ಬಿಡಬೇಡಿ.

ಅದಾದ ಮೇಲೆ ಅವರು ತಮ್ಮ ಹೆಸರಲ್ಲಿ ಬೇರೆ ಪಾಲಿಸಿ ಮಾಡಿಸಲಿ. ಅದರ ನಕಲು, ಆರ್‌ಸಿ ನಕಲು ಇಟ್ಟು ನೀವು ಕ್ಯಾನ್ಸಲ್‌ಗೆ ಬರೆದುಕೊಡಿ. ಕಾರಣ ಹೇಳಲೇಬೇಕೆಂದಿಲ್ಲ. ವಿಮಾ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ 2024ರ ನಿಯಮದ ಪ್ರಕಾರ ಒಂದು ವರ್ಷದ ಪಾಲಿಸಿಯಲ್ಲಿ ಕ್ಲೇಮ್ ಆಗಿಲ್ಲದಿದ್ದರೆ ಉಳಿದ ದಿನಗಳ ಲೆಕ್ಕಕ್ಕೆ ದುಡ್ಡು ಕೊಡಬೇಕು. ಏಳು ತಿಂಗಳು ಉಳಿದಿದ್ದರೆ ಹತ್ತಿರ ಹತ್ತಿರ 5,600.

ನಿಮಗೆ ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಎಷ್ಟಿದೆ?

ಪ್ರಶ್ನೆ: ಪಾಲಿಸಿಯಲ್ಲಿ 45% ಅಂತ ಇದೆ. ಅದು ಕಾರಿನ ಜೊತೆ ಹೋಯ್ತು ಅಲ್ವಾ?

ಉತ್ತರ: ಇಲ್ಲ ಇಲ್ಲ! ಅದು ನಿಮ್ಮದು, ಕಾರಿನದ್ದಲ್ಲ. ವಾಪಸ್ ಬರುವ ದುಡ್ಡಿಗಿಂತ ಇದೇ ಜಾಸ್ತಿ. ಹೊಸ ಕಾರಿನ ಓನ್ ಡ್ಯಾಮೇಜ್ (ನಿಮ್ಮ ಕಾರಿಗೇ ಆಗುವ ಹಾನಿಯ) ಪ್ರೀಮಿಯಂ 20,000 ಇದ್ದರೆ 9,000 ಉಳಿಯುತ್ತದೆ. ಥರ್ಡ್ ಪಾರ್ಟಿ (ಬೇರೆಯವರಿಗೆ ಆಗುವ ಹಾನಿಯ) ಭಾಗಕ್ಕೆ ಮಾತ್ರ ಈ ರಿಯಾಯಿತಿ ಸಿಗದು. ಕ್ಯಾನ್ಸಲ್ ಅರ್ಜಿಯ ಜೊತೆಗೇ ಎನ್‌ಸಿಬಿ ಪತ್ರ ಕೇಳಿ. ಮೂರು ವರ್ಷ ನಡೆಯುತ್ತದೆ.

ಕೊಂಡವರು ಇದೇ ಪಾಲಿಸಿ ಬೇಕು ಅಂದರೂ ಅಡ್ಡಿಯಿಲ್ಲ, 14 ದಿನದೊಳಗೆ ಹೆಸರು ಬದಲಿಸಿಕೊಳ್ಳಲಿ. ಆಗ ನಿಮ್ಮ ಎನ್‌ಸಿಬಿಯಿಂದ ಕಡಿಮೆಯಾಗಿದ್ದ ಮೊತ್ತವನ್ನು ಅವರು ಕಟ್ಟಿಕೊಡಬೇಕು. ಉಳಿದ ಪ್ರೀಮಿಯಂ ದುಡ್ಡನ್ನು ನೀವು ಅವರಿಂದಲೇ ಕೇಳಿ ಪಡೆಯಿರಿ, ಸುಮ್ನೆ ಬಿಡಬೇಡಿ.

ಪ್ರಶ್ನೆ: ತುಂಬಾ ಉಪಕಾರ ಆಯ್ತು ಸರ್. ಇವತ್ತೇ ಅವರಿಗೆ ಫೋನ್ ಮಾಡುತ್ತೇನೆ.

ಉತ್ತರ: ಮಾಡಿ ಮೇಡಂ. ಶೋರೂಮಿನವರು ಹೊಸ ಪಾಲಿಸಿ ಪ್ರಿಂಟ್ ಹಾಕುವ ಮೊದಲೇ ಆ ಎನ್‌ಸಿಬಿ ಪತ್ರ ಅವರ ಕೈಗೆ ಕೊಡಿ.