10 ಮಿ.ಮೀ. ಫ್ಯಾಂಟಸಿ ಸೈನ್ಯ: ಇಷ್ಟು ಚಿಕ್ಕ ಗೊಂಬೆಗಳಿಗೆ ಬಣ್ಣ ಹಚ್ಚುವುದು ಹೇಗೆ, ಕೊಳ್ಳುವುದು ಎಲ್ಲಿಂದ?

ಪ್ರಶ್ನೆ: ಕೋಟೆಬಾಗಿಲು (ಮಂಗಳೂರು)

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳಿಂದ ನಾನು ವಾರ್‌ಹ್ಯಾಮರ್ ಎಂಬ ಮೇಜಿನ ಮೇಲಿನ ಯುದ್ಧದಾಟದ 28 ಮಿ.ಮೀ. ಅಳತೆಯ ಗೊಂಬೆಗಳಿಗೆ ಬಣ್ಣ ಹಚ್ಚುತ್ತಾ ಬಂದಿದ್ದೇನೆ. ಒಂದೊಂದಕ್ಕೂ ಒಂದೆರಡು ಸಂಜೆ ಹಿಡಿಯುವುದರಿಂದ ಇಡೀ ಸೈನ್ಯ ಎನ್ನುವುದು ಮಾತ್ರ ಇದುವರೆಗೆ ಕೈಗೂಡಿಲ್ಲ. ಶೋಕೇಸಿನಲ್ಲಿ ನಾಲ್ಕಾರು ವೀರರು ನಿಂತಿದ್ದಾರೆ, ಅವರ ಬೆನ್ನಿಗಿರಬೇಕಾದ ಪಡೆ ಬೂದು ಪ್ಲಾಸ್ಟಿಕ್ಕಾಗಿಯೇ ಡಬ್ಬಿಯಲ್ಲಿದೆ. ಈಚೆಗೆ ವಾರ್‌ಮಾಸ್ಟರ್ ಆಟದ ಚಿತ್ರಗಳನ್ನು ನೋಡಿದೆ. ಒಂದು ಊಟದ ಮೇಜಿನ ಮೇಲೆ ಸಾಲುಸಾಲು ಈಟಿಗಾರರು, ಕುದುರೆಪಡೆ, ಫಿರಂಗಿ, ಮೇಲೊಂದು ಡ್ರ್ಯಾಗನ್. ಯುದ್ಧ ಎಂದರೆ ಹೀಗಿರಬೇಕು ಅನ್ನಿಸಿತು. ಆದರೆ ಒಬ್ಬೊಬ್ಬ ಸೈನಿಕನ ಎತ್ತರ ಬರೀ 10 ಮಿ.ಮೀ. ಎಂದರೆ ಕಣ್ಣು, ಗುಂಡಿ, ಬೆಲ್ಟಿನ ಬಕಲ್ ಇವಕ್ಕೆಲ್ಲ ಬಣ್ಣ ಹಚ್ಚುವುದು ಎಂತು? ಲೋಹದ ಗೊಂಬೆಗಳನ್ನು ತರಿಸುವುದು ಒಳ್ಳೆಯದೋ, ರೆಸಿನ್‌ನಲ್ಲಿ (ಬೆಳಕಿಗೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) 3ಡಿ ಪ್ರಿಂಟ್ ಮಾಡಿಸುವುದೋ? ಇನ್ನೊಂದು ವಿಷಯ: ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಡಬ್ಬಿಯನ್ನು ಮುಟ್ಟುವ ಹಾಗಿಲ್ಲ. ಈ ಸ್ಥಿತಿಯಲ್ಲಿ ಏನು ದಾರಿ ಎಂದು ಅನುಭವಸ್ಥರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಬೂದುಪ್ರೈಮರ್ (ಬೆಂಗಳೂರು)

28 ಮಿ.ಮೀ.ನ ಅಭ್ಯಾಸವನ್ನು ಹಾಗೆಯೇ 10 ಮಿ.ಮೀ.ಗೆ ತಂದರೆ ಕೆಲಸ ಮುಗಿಯುವುದಿಲ್ಲ, ಮುಗಿದದ್ದು ಕಾಣುವುದೂ ಇಲ್ಲ. ಈ ಅಳತೆಯಲ್ಲಿ ಬಣ್ಣ ಹಚ್ಚಬೇಕಾದ ಘಟಕ ತುಕಡಿಯೇ ಹೊರತು ಸೈನಿಕನಲ್ಲ. ಇದು ನನ್ನ ಸೋಮಾರಿತನಕ್ಕೆ ಹುಡುಕಿಕೊಂಡ ಸಮರ್ಥನೆಯಲ್ಲ. ಆಟದ ರಚನೆಯೇ ಹಾಗಿದೆ. ರಿಕ್ ಪ್ರೀಸ್ಟ್ಲಿ ರೂಪಿಸಿ, 2000ದಲ್ಲಿ ಗೇಮ್ಸ್ ವರ್ಕ್‌ಶಾಪ್ ಪ್ರಕಟಿಸಿದ ವಾರ್‌ಮಾಸ್ಟರ್‌ನಲ್ಲಿ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಮೇಜಿನಿಂದ ಎತ್ತುವ ಪ್ರಸಂಗವೇ ಬರುವುದಿಲ್ಲ. 40×20 ಮಿ.ಮೀ. ಬೇಸ್ (ಗೊಂಬೆಗಳು ನಿಲ್ಲುವ ಚಪ್ಪಟೆ ತಳ) ಒಂದರ ಮೇಲೆ ಸಾಲಾಗಿ ಎರಕವಾದ ಸೈನಿಕರಿರುತ್ತಾರೆ, ಅಂಥ ಮೂರು ಬೇಸ್ ಸೇರಿದರೆ ಒಂದು ತುಕಡಿ. ಕಾಲಾಳುಗಳು ಉದ್ದದ ಬದಿಗೆ ಮುಖ ಮಾಡಿ ನಿಲ್ಲುತ್ತಾರೆ, ಕುದುರೆಪಡೆ ಗಿಡ್ಡ ಬದಿಗೆ. ಸೇನಾನಿ ಎರಡು ದಾಳ ಉರುಳಿಸಿದಾಗ ತನ್ನ ಆಜ್ಞೆಯ ಅಂಕಿಗೆ ಸಮನಾಗಿ ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ತುಕಡಿ ಕದಲುತ್ತದೆ. ಅದೇ ತುಕಡಿಗೆ ಮತ್ತೆ ಆಜ್ಞೆ ಕೊಟ್ಟರೆ ಒಂದು ಅಂಕಿ ಕಡಿತ. ತುಕಡಿ 20 ಸೆಂ.ಮೀ.ಗಿಂತ ದೂರದಲ್ಲಿದ್ದರೆ ಇನ್ನೊಂದು ಕಡಿತ. ಆದ್ದರಿಂದ ಆಡುವಾಗ ನಿಮ್ಮ ಕಣ್ಣು ಮೊದಲು ಹುಡುಕುವುದು ಸೇನಾನಿ ಎಲ್ಲಿದ್ದಾನೆ, ಯಾವ ತುಕಡಿ ಯಾವುದು ಎಂಬುದನ್ನೇ. ನಿಮ್ಮ ಹಳೆಯ ಸೂಕ್ಷ್ಮ ಕೆಲಸವನ್ನೆಲ್ಲ ಆ ನಾಲ್ಕೈದು ಸೇನಾನಿಗಳಿಗೆ ಮೀಸಲಿಡಿ: ಬಿಳಿ ಕುದುರೆ, ಕೆಂಪು ಮೇಲಂಗಿ, ದೊಡ್ಡ ಬಾವುಟ. ಉಳಿದವರಿಗೆ ಕಣ್ಣು ಬರೆಯುವ ಯೋಚನೆಯನ್ನೇ ಬಿಟ್ಟುಬಿಡಿ.

ಚಿಕ್ಕ ವಸ್ತುವಿನ ಮೇಲೆ ಬಣ್ಣ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ, ಮಡಿಕೆಗಳಲ್ಲಿ ಬೀಳಬೇಕಾದ ನೆರಳೂ ತಾನಾಗಿ ಬೀಳುವುದಿಲ್ಲ. ಆದ್ದರಿಂದ 28 ಮಿ.ಮೀ.ನಲ್ಲಿ ಬಳಸುವ ಬಣ್ಣಕ್ಕಿಂತ ಎರಡು ಮೆಟ್ಟಿಲು ತಿಳಿಯಾದುದನ್ನು ಆರಿಸಿ, ನೆರಳನ್ನು ನೀವೇ ಹಚ್ಚಬೇಕಾಗುತ್ತದೆ. ಯಕ್ಷಗಾನದ ಬಣ್ಣದ ವೇಷವನ್ನು ಚೌಕಿಯಲ್ಲಿ ಹತ್ತಿರದಿಂದ ಕಂಡರೆ ಗೆರೆಗಳೆಲ್ಲ ಅತಿಯಾಯಿತು ಅನ್ನಿಸುತ್ತದೆ, ಕೊನೆಯ ಸಾಲಿನಲ್ಲಿ ಕುಳಿತವನಿಗೆ ಅದೇ ಸರಿ. ಇಲ್ಲೂ ಗೊಂಬೆಯನ್ನು ಮೂಗಿನ ಹತ್ತಿರ ಹಿಡಿದು ತೀರ್ಪು ಕೊಡದೆ, ತೋಳಳತೆಯ ದೂರದಲ್ಲಿಟ್ಟು ನೋಡಿ.

ನಾನು ಎಂಪೈರ್ ಎಂಬ ಮಾನವ ಪಡೆಯ ಹಾಲ್ಬರ್ಡ್‌ಧಾರಿಗಳ (ಉದ್ದ ಹಿಡಿಯ ಕೊಡಲಿ-ಈಟಿ ಹಿಡಿದವರು) ಒಂದು ಪಟ್ಟಿಗೆ, ಅಂದರೆ ಸಾಲಾಗಿ ಒಟ್ಟಿಗೆ ಎರಕವಾದ ಸೈನಿಕರಿಗೆ, ಬಣ್ಣ ಹಚ್ಚುವ ಕ್ರಮ ಹೀಗಿದೆ. ಪಟ್ಟಿಗಳನ್ನು ಬೇಸಿಗೆ ಅಂಟಿಸುವ ಮೊದಲು ಐಸ್‌ಕ್ಯಾಂಡಿ ಕಡ್ಡಿಗೆ ಸಾಲಾಗಿ ಅಂಟಿಸಿಕೊಳ್ಳುತ್ತೇನೆ, ಇಲ್ಲವಾದರೆ ಹಿಂದಿನ ಸಾಲಿನ ಎದೆಗೆ ಕುಂಚ ತಲುಪುವುದಿಲ್ಲ. ಕಪ್ಪು ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ತಳಪದರ) ಒಣಗಿದ ಮೇಲೆ ಬೂದು, ಅನಂತರ ಮೇಲಿನಿಂದ ಮಾತ್ರ ಬಿಳಿ ಡ್ರೈಬ್ರಶ್ (ಬಣ್ಣವನ್ನು ಬಹುಪಾಲು ಒರೆಸಿದ ಕುಂಚವನ್ನು ಉಬ್ಬುಗಳ ಮೇಲೆ ಸವರುವುದು). ಇಷ್ಟರಲ್ಲೇ ಟೊಪ್ಪಿಗೆಯ ಅಂಚು, ಉಬ್ಬಿದ ತೋಳು, ಗರಿ ಎಲ್ಲ ಎದ್ದು ಬರುತ್ತವೆ. ಅದರ ಮೇಲೆ ಕಾಂಟ್ರಾಸ್ಟ್ ಜಾತಿಯ ಪಾರದರ್ಶಕ ಬಣ್ಣವನ್ನು ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ಒಂದು ಸಲಕ್ಕೆ ಒಂದೇ ಬಣ್ಣದಂತೆ ಹಚ್ಚಿಕೊಂಡು ಹೋಗುವುದು: ಎಲ್ಲರ ಎಡ ತೋಳಿಗೂ ಕೆಂಪು, ಎಲ್ಲರ ಬಲ ತೋಳಿಗೂ ಹಳದಿ. ಗೇಮ್ಸ್ ವರ್ಕ್‌ಶಾಪ್‌ನ ಬಣ್ಣದ ಬ್ರ್ಯಾಂಡ್ ಆದ ಸಿಟಾಡೆಲ್ 2019ರಲ್ಲಿ ಕಾಂಟ್ರಾಸ್ಟ್ ತಂದ ಮೇಲೆ ಈ ಅಳತೆಯ ಕೆಲಸ ನಿಜಕ್ಕೂ ಹಗುರಾಯಿತು, ಏಕೆಂದರೆ ಬಣ್ಣ ತಾನಾಗಿಯೇ ಗುಳಿಗೆ ಇಳಿದು ಉಬ್ಬಿನ ಮೇಲೆ ತೆಳುವಾಗುತ್ತದೆ. ಮುಖಕ್ಕೆ ಮೊದಲು ಕಂದು, ಅದರ ಮೇಲೆ ಚರ್ಮದ ಬಣ್ಣದ ಒಂದೇ ಒಂದು ಚುಕ್ಕೆ. ಸುತ್ತ ಉಳಿದ ಕಂದೇ ಕಣ್ಣಿನ ಗುಳಿ, ಗಡ್ಡ, ಟೊಪ್ಪಿಗೆಯ ನೆರಳು ಎಲ್ಲವೂ ಆಗಿಬಿಡುತ್ತದೆ. ಆಯುಧದ ಅಲಗಿಗೆ ಬೆಳ್ಳಿಯನ್ನು ಕೊನೆಯಲ್ಲಿ ಹಚ್ಚಬೇಕು; ದೂರದಿಂದ ಕಾಣುವುದು ಆ ಮಿನುಗಿನ ಸಾಲೇ. ಮೊದಲ ಸೈನ್ಯಕ್ಕೆ ಅಸ್ಥಿಪಂಜರಗಳನ್ನು ಆರಿಸಿಕೊಂಡರೆ ಇದಿಷ್ಟೂ ಬೇಡ. ಮೂಳೆಯ ಬಣ್ಣ, ಮೇಲೊಂದು ಕಂದು ವಾಶ್ (ಗುಳಿಗಳಿಗೆ ಇಳಿಯುವ ತೆಳು ಬಣ್ಣ), ಗುರಾಣಿಗೆ ಒಂದು ನೀಲಿ, ಅಷ್ಟೇ.

ಬೇಸಿನ ಬಗ್ಗೆ ಹೆಚ್ಚಿನವರು ಅಸಡ್ಡೆ ತೋರುತ್ತಾರೆ, ಆದರೆ ಈ ಅಳತೆಯಲ್ಲಿ ಮೇಲಿನಿಂದ ನೋಡಿದಾಗ ಕಣ್ಣಿಗೆ ಬೀಳುವುದರಲ್ಲಿ ದೊಡ್ಡ ಪಾಲು ನೆಲದ್ದೇ. ನಿಮ್ಮ ಹತ್ತಿರವಿರಬಹುದಾದ 4 ಮಿ.ಮೀ. ಸ್ಟ್ಯಾಟಿಕ್ ಗ್ರಾಸ್ (ಬೇಸಿಗೆ ಅಂಟಿಸುವ ಕೃತಕ ಹುಲ್ಲು) ಈ ಸೈನಿಕರ ಸೊಂಟ ಮುಟ್ಟುತ್ತದೆ, 2 ಮಿ.ಮೀ.ನದು ಮೊಣಕಾಲಿಗೆ ಬರುತ್ತದೆ. ಜರಡಿ ಹಿಡಿದ ನುಣ್ಣನೆಯ ಮರಳು ಮತ್ತು ಪುಡಿ ಟರ್ಫ್ (ನೆಲದಂತೆ ಕಾಣುವ ಬಣ್ಣದ ಪುಡಿ) ಸಾಕು. ಪಡೆಯ ಬಟ್ಟೆ ಗಾಢವಾಗಿದ್ದರೆ ನೆಲ ತಿಳಿಯಾಗಿರಲಿ.

ಮಳೆಗಾಲದ ಬಗ್ಗೆ ಹೇಳುವುದಾದರೆ, ಕರಾವಳಿಯ ತೇವದಲ್ಲಿ ಸ್ಪ್ರೇ ವಾರ್ನಿಶ್ ಹೊಡೆದರೆ ಬಿಳಿ ಮಬ್ಬು ಕವಿಯುವ ಅಪಾಯ ಇದ್ದೇ ಇದೆ. ಕುಂಚದಿಂದ ಹಚ್ಚುವ ಅಕ್ರಿಲಿಕ್ ಪ್ರೈಮರ್ ಮತ್ತು ಮ್ಯಾಟ್ ವಾರ್ನಿಶ್ ವರ್ಷವಿಡೀ ನಡೆಯುತ್ತವೆ. ಪ್ರೈಮರನ್ನು ತೆಳ್ಳಗೆ ಎರಡು ಪದರವಾಗಿ ಹಚ್ಚಿ. ದಪ್ಪಗಾದರೆ ಈ ಅಳತೆಯಲ್ಲಿ ಮುಖವೇ ಮುಚ್ಚಿಹೋಗುತ್ತದೆ.

ಉತ್ತರ: ಟ್ರೆಂಟ್‌ದಂಡೆ (ಡರ್ಬಿ, ಇಂಗ್ಲೆಂಡ್)

ಕೊಳ್ಳುವ ವಿಷಯ ನಾನು ಹೇಳುತ್ತೇನೆ. ಕೆಲಸದ ನಿಮಿತ್ತ ಡರ್ಬಿಗೆ ಬಂದವನಿಗೆ ಪಕ್ಕದ ನಾಟಿಂಗ್‌ಹ್ಯಾಮ್ ಈ ಹವ್ಯಾಸದ ರಾಜಧಾನಿ ಎಂಬುದು ಬಂದ ಮೇಲೆಯೇ ಗೊತ್ತಾದದ್ದು. 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೇಮ್ಸ್ ವರ್ಕ್‌ಶಾಪ್‌ನ ಮುಖ್ಯ ಕಚೇರಿ ಈಗ ಆ ಊರಿನ ಲೆಂಟನ್‌ನಲ್ಲಿದೆ. ಅಲ್ಲಿಂದ ಹೊರಬಂದ ಶಿಲ್ಪಿಗಳೂ ಲೇಖಕರೂ ಸುತ್ತಮುತ್ತಲೇ ಕಂಪನಿಗಳನ್ನು ಕಟ್ಟಿಕೊಂಡಿದ್ದರಿಂದ ವಾರ್ಲಾರ್ಡ್ ಗೇಮ್ಸ್, ಪೆರಿ ಸೋದರರ ಪೆರಿ ಮಿನಿಯೇಚರ್ಸ್, ಮ್ಯಾಂಟಿಕ್ ಎಲ್ಲವೂ ಅದೇ ಸೀಮೆಯವು.

ವಾರ್‌ಮಾಸ್ಟರ್‌ನ ಮೂಲ ಗೊಂಬೆಗಳ ಮಾರಾಟವನ್ನು 2013ರ ಸುಮಾರಿಗೆ ಗೇಮ್ಸ್ ವರ್ಕ್‌ಶಾಪ್ ನಿಲ್ಲಿಸಿತು. ಹಾಗೆಂದು ಆಟ ಸಾಯಲಿಲ್ಲ. ಅಭಿಮಾನಿಗಳೇ ಸೇರಿ ನಿಯಮಗಳನ್ನು ತಿದ್ದಿ ವಾರ್‌ಮಾಸ್ಟರ್ ರೆವಲ್ಯೂಷನ್ ಎಂಬ ಹೆಸರಿನಲ್ಲಿ ಉಚಿತವಾಗಿ ಹಂಚುತ್ತಿದ್ದಾರೆ. ಮೂಲ ಗೊಂಬೆಗಳು ಹರಾಜಿನಲ್ಲಿ ದುಬಾರಿ, ಸಂಗ್ರಹವೇ ನಿಮ್ಮ ಉದ್ದೇಶವಲ್ಲದಿದ್ದರೆ ಅವುಗಳ ಬೆನ್ನು ಹತ್ತಬೇಡಿ. ಮಿಡ್ಲ್ಸ್‌ಬರೋದ ಪೆಂಡ್ರಾಕನ್ 10 ಮಿ.ಮೀ. ಲೋಹದ ಗೊಂಬೆಗಳನ್ನೇ ಮುಖ್ಯ ಕಸುಬಾಗಿಸಿಕೊಂಡ ಕಂಪನಿ, ಫ್ಯಾಂಟಸಿಯೂ ಅವರಲ್ಲಿದೆ. ಕಾಲಿಸ್ಟ್ರಾದವರ ಫ್ಯಾಂಟಸಿ ಗೊಂಬೆಗಳು 12 ಮಿ.ಮೀ., ಪಕ್ಕಪಕ್ಕ ನಿಲ್ಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಒಂದು ತುಕಡಿಯೊಳಗೆ ಎರಡನ್ನೂ ಬೆರೆಸದಿದ್ದರೆ ಆಯಿತು.

ಹಳೆಯ ಲೋಹ ಕೊಳ್ಳುವವರಿಗೆ ಒಂದು ಎಚ್ಚರಿಕೆ. ವಾರ್‌ಮಾಸ್ಟರ್ ಬರುವ ಹೊತ್ತಿಗೆ ಗೇಮ್ಸ್ ವರ್ಕ್‌ಶಾಪ್ ಸೀಸವಿಲ್ಲದ ಬಿಳಿಲೋಹಕ್ಕೆ ಬಂದಾಗಿತ್ತು. ಆದರೆ 1970 ಮತ್ತು 80ರ ದಶಕದ ಗೊಂಬೆಗಳಲ್ಲಿ, ಅದೇ ಕಂಪನಿಯ ಎಪಿಕ್ ಎಂಬ ಆಟದ ಮೊದಮೊದಲ 6 ಮಿ.ಮೀ. ಲೋಹದ ತುಣುಕುಗಳೂ ಸೇರಿದಂತೆ, ಸೀಸ ಇರುತ್ತದೆ. ಮೇಲೆ ಬೂದಿಯಂಥ ಬಿಳಿ ಪುಡಿ ಕಂಡರೆ ಅದು ಧೂಳಲ್ಲ, ಸೀಸದ ಕಾರ್ಬೊನೇಟ್. ಮುಚ್ಚಿದ ಮರದ ಪೆಟ್ಟಿಗೆಯಿಂದ ಹೊಮ್ಮುವ ಅಸಿಟಿಕ್ ಆಮ್ಲದ ಆವಿ ಅದಕ್ಕೆ ಮುಖ್ಯ ಕಾರಣ. ಅಂಥವನ್ನು ತೇಗದ ಡಬ್ಬಿಯಲ್ಲಿ ಜತನವಾಗಿ ಮುಚ್ಚಿಡುವುದೇ ಅವುಗಳಿಗೆ ಕೇಡು. ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ, ಅರದಿಂದ ಒಣಗಿದ್ದಾಗಲೇ ಉಜ್ಜಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಉತ್ತರ: ಪದರಪದರ (ಹುಬ್ಬಳ್ಳಿ)

ಲೋಹವನ್ನು ಅಷ್ಟು ದೂರದಿಂದ ತರಿಸಿ ಅಂಚೆಗೂ ಸುಂಕಕ್ಕೂ ಹಣ ಸುರಿಯುವುದು ಈಗ ಅನಗತ್ಯ ಎಂಬುದು ನನ್ನ ಅಭಿಪ್ರಾಯ. ಈ ಅಳತೆಯ ಗೊಂಬೆಗಳು ರೆಸಿನ್ ಪ್ರಿಂಟರಿಗೆ ಹೇಳಿ ಮಾಡಿಸಿದಂತಿವೆ: ಒಂದು ಗೊಂಬೆಗೆ ಹಿಡಿಯುವ ರೆಸಿನ್ ಅತ್ಯಲ್ಪ, ಪ್ರಿಂಟಿನ ಅವಧಿ ಎತ್ತರವನ್ನು ಅವಲಂಬಿಸಿರುವುದರಿಂದ ತಟ್ಟೆಯ ತುಂಬ ಪಟ್ಟಿಗಳನ್ನು ಜೋಡಿಸಿದರೂ ಹೊತ್ತು ಹೆಚ್ಚುವುದಿಲ್ಲ. ಆದರೆ 28 ಮಿ.ಮೀ. ಗೊಂಬೆಯ ವಿನ್ಯಾಸದ ಫೈಲನ್ನು ಕುಗ್ಗಿಸಿ 10 ಮಿ.ಮೀ. ಮಾಡಬೇಡಿ. 1 ಮಿ.ಮೀ. ದಪ್ಪದ ಈಟಿ ಆಗ 0.36 ಮಿ.ಮೀ. ಆಗಿ, ಸಪೋರ್ಟ್ (ಪ್ರಿಂಟ್ ಆಗುವಾಗ ಗೊಂಬೆಯನ್ನು ಹಿಡಿದಿಡುವ ಆಧಾರಕಡ್ಡಿ) ತೆಗೆಯುವಾಗಲೇ ಮುರಿಯುತ್ತದೆ. ಮುಖದ ವಿವರಗಳೂ ಕರಗಿಹೋಗುತ್ತವೆ. 10 ಮಿ.ಮೀ.ಗೆಂದೇ ರೂಪಿಸಿದ ಫೈಲುಗಳಲ್ಲಿ ಆಯುಧ, ತಲೆ, ಕೈಗಳನ್ನು ಬೇಕೆಂದೇ ದಪ್ಪಗೆ ಕೆತ್ತಿರುತ್ತಾರೆ, ಅಂಥವನ್ನೇ ಕೊಳ್ಳಿ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಅಲರ್ಜಿ ತರುತ್ತದೆ. ನೈಟ್ರೈಲ್ ಕೈಗವಸು, ತೆರೆದ ಕಿಟಕಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆಯುವುದು, ಅನಂತರ ಯುವಿ ಬೆಳಕು, ಇವುಗಳಲ್ಲಿ ಯಾವುದನ್ನೂ ಬಿಡಬಾರದು. ಲೋಹದ ತೂಕ ಕೈಗೆ ಕೊಡುವ ಖುಷಿ ರೆಸಿನ್ನಿಗೆ ಇಲ್ಲ ಎಂಬುದನ್ನು ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರು: ಕೋಟೆಬಾಗಿಲು

ಮೂವರಿಗೂ ಧನ್ಯವಾದಗಳು. ಅಸ್ಥಿಪಂಜರ ಪಡೆಯಿಂದಲೇ ಆರಂಭಿಸುತ್ತೇನೆ. ಕಾಲಾಳುಗಳನ್ನು ಪ್ರಿಂಟ್ ಮಾಡಿಸಿ, ಸೇನಾನಿಗಳನ್ನು ಮಾತ್ರ ಲೋಹದಲ್ಲಿ ತರಿಸುವುದು ಎಂದುಕೊಂಡಿದ್ದೇನೆ. ಇನ್ನೊಂದೇ ಸಂದೇಹ. ಇಂಥ ಕೆಲಸಕ್ಕೆ ಮೂರು ಸೊನ್ನೆಯ (000 ನಂಬರಿನ, ತೀರ ಸಣ್ಣ) ಕುಂಚ ಬೇಕೆಂದು ಕೆಲವರು ಹೇಳುತ್ತಾರೆ. ಇಲ್ಲಿಯ ಅಂಗಡಿಯಲ್ಲಿ ಪ್ರಾಣಿಯ ಕೂದಲಿನದೆಂದು ಹೇಳಿ, ಹೆಸರಿಲ್ಲದ ಕಂದು ಕುಂಚವೊಂದನ್ನು ತೋರಿಸಿದರು. ಕೊಳ್ಳಬಹುದೇ?

ಉತ್ತರ: ಬೂದುಪ್ರೈಮರ್ (ಬೆಂಗಳೂರು)

ಕೊಳ್ಳಬೇಡಿ. ಕಂದು ಮತ್ತು ಕೆನೆಬಣ್ಣ ಬೆರೆತ ಬಿರುಸಾದ ಕೂದಲಾಗಿದ್ದರೆ ಅದು ಮುಂಗುಸಿಯದಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಂಗುಸಿ ಸಂರಕ್ಷಿತ ಪ್ರಾಣಿ, ಅದರ ಕೂದಲಿನ ಕುಂಚದ ಮಾರಾಟ ಅಪರಾಧ. ಆದರೂ ಗುಟ್ಟಾಗಿ ನಡೆದೇ ಇದೆ. ವಿದೇಶದ ವರ್ಣಚಿತ್ರಕಾರರು ಹೊಗಳುವ ಕೊಲಿನ್ಸ್ಕಿ ಸೇಬಲ್ ಕುಂಚ ಸೈಬೀರಿಯನ್ ವೀಸೆಲ್ ಎಂಬ ಪ್ರಾಣಿಯದು. ಆ ಪ್ರಾಣಿಯನ್ನು ಸೈಟಿಸ್ ಎಂಬ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಮೂರನೆಯ ಅನುಬಂಧಕ್ಕೆ ಸೇರಿಸಿದ್ದು ಭಾರತವೇ, ಹಾಗಾಗಿ ತರಿಸುವಾಗ ಕಾಗದಪತ್ರದ ತಕರಾರು ಬರಬಹುದು.

ಮೂರು ಸೊನ್ನೆಯ ಕುಂಚವೂ ಬೇಕಾಗಿಲ್ಲ. ಅದರಲ್ಲಿ ನಿಲ್ಲುವ ಬಣ್ಣ ತೀರ ಕಡಿಮೆ, ಗೊಂಬೆಗೆ ಮುಟ್ಟಿಸುವಷ್ಟರಲ್ಲಿ ತುದಿಯಲ್ಲೇ ಒಣಗಿರುತ್ತದೆ. ತುದಿ ಚೂಪಾಗಿ ಕೂಡುವ ಸಿಂಥೆಟಿಕ್ ಕುಂಚ, ಒಂದನೆಯ ಅಥವಾ ಸೊನ್ನೆ ನಂಬರಿನದು, ಸೇನಾನಿಗಳಿಗೂ ಸಾಕು. ಸಿಂಥೆಟಿಕ್ ಕುಂಚದ ತುದಿ ಕೆಲ ತಿಂಗಳಲ್ಲಿ ಕೊಕ್ಕೆಯಾಗುವುದು ಸಹಜ. ಅಂಥವನ್ನು ಎಸೆಯದೆ ಕತ್ತರಿಯಿಂದ ಮಟ್ಟಮಾಡಿ ಡ್ರೈಬ್ರಶ್‌ಗೆ ಇಟ್ಟುಕೊಳ್ಳಿ, ಅಸ್ಥಿಪಂಜರಗಳಿಗೆ ಹೆಚ್ಚು ಬೇಕಾಗುವುದು ಅದೇ.