ಸಹಾಯ ಬೇಕು: ಮಿನಿ ಹಿಟಾಚಿಗೆ ಟಿಲ್ಟ್ ಬಕೆಟ್

ನಮಸ್ಕಾರ. ನಮ್ಮದು 3 ಟನ್ ಮಿನಿ ಹಿಟಾಚಿ. ತೀರ್ಥಹಳ್ಳಿ ಕಡೆ ಅಡಿಕೆ ತೋಟಗಳಲ್ಲಿ ಬಸಿಗಾಲುವೆ ಕೆಲಸವೇ ಜಾಸ್ತಿ. ಇಳಿಜಾರಿನಲ್ಲಿ ಗಾಡಿ ವಾಲಿದರೆ ಬಕೆಟ್ಟೂ ವಾಲುತ್ತದೆ. ಕಾಲುವೆಯ ತಳ ಒಂದು ಬದಿ ಆಳವಾಗಿ ನೀರು ಅಲ್ಲೇ ನಿಲ್ಲುತ್ತದೆ. ಅದಕ್ಕೇ ಎಡಕ್ಕೂ ಬಲಕ್ಕೂ ವಾಲಿಸಬಹುದಾದ ಹೈಡ್ರಾಲಿಕ್ ಟಿಲ್ಟ್ ಬಕೆಟ್ ಹಾಕಿಸಬೇಕು.

ತೊಡಕಿರುವುದು ಆಯಿಲ್ ಲೈನಿನಲ್ಲಿ. ಬ್ರೇಕರ್ (ಕಲ್ಲು ಒಡೆಯುವ ಸಾಧನ) ಲೈನ್ ಇದೆ, ಆದರೆ ಒನ್ ವೇ. ಆಯಿಲ್ ಒಂದು ಪೈಪಿನಲ್ಲಿ ಹೋಗಿ ಇನ್ನೊಂದರಲ್ಲಿ ನೇರ ಟ್ಯಾಂಕಿಗೆ ಬರುತ್ತದೆ. ಟಿಲ್ಟ್ ಸಿಲಿಂಡರಿಗೆ ಎರಡೂ ಕಡೆ ಪ್ರೆಶರ್ ಬೇಕಲ್ವಾ? ಬಕೆಟ್ ಸಿಲಿಂಡರ್ ಲೈನಿಗೆ ಆಯಿಲನ್ನು ಬೇಕಾದ ಸಿಲಿಂಡರಿಗೆ ತಿರುಗಿಸುವ ಡೈವರ್ಟರ್ ವಾಲ್ವ್ ಕೂರಿಸಿ, ಲಿವರ್ ಮೇಲೆ ಸ್ವಿಚ್ ಕೊಡೋಣ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಆಗ ಬಕೆಟ್ ಮಡಚುವುದೂ ವಾಲಿಸುವುದೂ ಒಟ್ಟಿಗೆ ಆಗುವುದಿಲ್ಲ. ಅದು ಪರವಾಗಿಲ್ಲ.

ಯಾರಾದರೂ ಹೀಗೆ ಮಾಡಿಸಿದ್ದೀರಾ? ಪ್ರೆಶರ್ ಮಿತಿ ಮೀರದಂತೆ ರಿಲೀಫ್ ವಾಲ್ವ್ ಬೇರೆ ಹಾಕಬೇಕಾ? ಶಿವಮೊಗ್ಗದಲ್ಲಿ ಪಿನ್ನು, ಬುಷ್ಷು ಅಳತೆಗೆ ಸರಿಯಾಗಿ ಮಾಡಿಕೊಡುವ ಲೇತ್‌ನವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮಳೆ ಹಿಡಿಯುವ ಮೊದಲು ಆಗಲೇಬೇಕು.