ಎರಡೂವರೆ ವರ್ಷದ ಮಗುವಿಗೆ ಒಳ್ಳೆಯ ನಡತೆ: ನಿಮ್ಮ ಮನೆಯಲ್ಲಿ ಹೇಗೆ ಕಲಿಸಿದಿರಿ?

ಕೇಳಿದ ತಾಯಿ:

ಮಗಳಿಗೆ ಈಗ ಎರಡೂವರೆ ವರ್ಷ. ಮೊನ್ನೆ ಮೊನ್ನೆವರೆಗೂ ಹೇಳಿದ ಹಾಗೆ ಕೇಳುತ್ತಿದ್ದವಳು ಈಗ ಬಾಯಿ ಬಿಟ್ಟರೆ "ಇಲ್ಲ", "ನಂದು". ಬೇರೆ ಮಕ್ಕಳ ಕೈಯಿಂದ ಆಟಿಕೆ ಕಿತ್ತುಕೊಳ್ಳುತ್ತಾಳೆ, ವಾಪಸ್ ಕೊಡು ಅಂದರೆ ಹೊಡೆಯುತ್ತಾಳೆ. ಆರಾಧನೆ ನಡೆಯುವಾಗ ಬೆಂಚಿನ ಕೆಳಗೆ ತೂರಿಕೊಂಡು ಓಡುತ್ತಾಳೆ. ನಮ್ಮದು ಕ್ರೈಸ್ತ ವಿಶ್ವಾಸಿ ಕುಟುಂಬ. ಪ್ರಾರ್ಥನೆ, ದೊಡ್ಡವರಿಗೆ ಮರ್ಯಾದೆ, ಒಳ್ಳೆಯ ಮಾತು ಎಲ್ಲ ಚಿಕ್ಕಂದಿನಲ್ಲೇ ಬರಲಿ ಅಂತ ಆಸೆ. ಅತ್ತೆಯವರು "ಬೆತ್ತ ಹಿಡಿಯದೆ ಮಗು ಬಗ್ಗಲ್ಲ, ಸತ್ಯವೇದದಲ್ಲೇ (ಬೈಬಲಿನಲ್ಲೇ) ಇದೆ" ಅನ್ನುತ್ತಾರೆ. ಯಜಮಾನರು "ಇನ್ನೂ ಕೂಸು, ಬಿಡು" ಅನ್ನುತ್ತಾರೆ. ಇಬ್ಬರ ನಡುವೆ ನನ್ನ ತಲೆ ಕೆಟ್ಟಿದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಇಬ್ಬರು ಮಕ್ಕಳ ತಾಯಿ:

ಮೊದಲು ಆ "ನಂದು" ಬಗ್ಗೆ ಹೇಳ್ತೀನಿ, ನಾನು ಹೆಚ್ಚು ಎಡವಿದ್ದು ಅಲ್ಲೇ. ಈ ವಯಸ್ಸಿಗೆ ಅದು ಸ್ವಾರ್ಥ ಅಲ್ಲ. ಯಾವುದು ತನ್ನದು ಅಂತ ಗೊತ್ತಾಗದೆ ಕೊಡೋದು ಅಂದರೇನು ಅಂತ ಗೊತ್ತಾಗೋದಾದರೂ ಹೇಗೆ? ಎರಡು ವರ್ಷದ ಮಕ್ಕಳು ಅಕ್ಕಪಕ್ಕ ಕೂತು ತಮ್ಮ ತಮ್ಮ ಪಾಡಿಗೆ ಆಡುತ್ತವೆ, ಜೊತೆಗೂಡಿ ಆಡೋದು ನಿಧಾನಕ್ಕೆ ಬರುತ್ತೆ. ಇದೆಲ್ಲ ಗೊತ್ತಿಲ್ಲದೆ ನಾನು ದೊಡ್ಡವನಿಗೆ "ಯೇಸಪ್ಪ ಹಂಚಿಕೋ ಅಂತ ಹೇಳಿದ್ದಾರೆ, ಕೊಡು" ಅಂತ ಕೈಯಿಂದ ಬಿಡಿಸಿ ಕೊಡಿಸ್ತಿದ್ದೆ. ಒಂದು ರಾತ್ರಿ ಪ್ರಾರ್ಥನೆಗೆ ಕರೆದರೆ ಮಗು ತನ್ನ ಕಾರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿತ್ತು. ಅವನ ಲೆಕ್ಕದಲ್ಲಿ ಯೇಸಪ್ಪ ಅಂದರೆ ಆಟಿಕೆ ಕಿತ್ತುಕೊಳ್ಳುವವರು! ಹಾಗೆ ಮಾಡಿದ್ದು ನಾನೇ.

ಆಮೇಲೆ ಸರದಿ ಶುರು ಮಾಡಿದೆವು. "ನಿನ್ನ ಸರದಿ ಆಗಲಿ, ಆಮೇಲೆ ಅವಳ ಸರದಿ." ಯಾರಾದರೂ ಮನೆಗೆ ಬರೋ ಮುಂಚೆ ಅವನಿಗೆ ಜೀವದಂಥ ಆಟಿಕೆ ಒಂದನ್ನು ಅವನ ಕೈಯಿಂದಲೇ ಎತ್ತಿಡಿಸ್ತಿದ್ದೆ. ಅದನ್ನು ಯಾರೂ ಕೇಳುವ ಹಾಗಿಲ್ಲ. ಮಿಕ್ಕಿದ್ದು ಎಲ್ಲರಿಗೂ. ಮೂರೂವರೆ ತುಂಬಿದ ಮೇಲೆ ಒಂದು ದಿನ ಯಾರೂ ಹೇಳದೆ ತಾನೇ ಓಡಿ ಹೋಗಿ ಪಕ್ಕದ ಮಗುವಿಗೆ ಕಾರು ಕೊಟ್ಟ. ಚಕ್ರ ಮುರಿದಿದ್ದು. ಚೆನ್ನಾಗಿದ್ದದ್ದು ಇವನ ಕೈಯಲ್ಲೇ ಇತ್ತು. ಪರವಾಗಿಲ್ಲ, ನಾವು ಅದಕ್ಕೂ ಖುಷಿಪಟ್ಟೆವು.

ಇನ್ನೊಂದು, ದಯವಿಟ್ಟು ದೇವರನ್ನು ಗುಮ್ಮ ಮಾಡಬೇಡಿ. "ದೇವರು ನೋಡ್ತಾ ಇದ್ದಾರೆ, ಕಣ್ಣು ಕುಕ್ತಾರೆ" ಅಂತ ನಮ್ಮ ಮನೆಯಲ್ಲೂ ಯಾರೋ ಅಂದಿದ್ದರು. ಮಗಳು ಮಲಗೋ ಹೊತ್ತಿಗೆ ಗೋಡೆಯ ಮೇಲಿದ್ದ ಯೇಸುವಿನ ಚಿತ್ರಕ್ಕೆ ಬಟ್ಟೆ ಮುಚ್ಚು ಅಂತ ಹಟ ಹಿಡಿದಳು. ಮಾರ್ಕ 10ನೇ ಅಧ್ಯಾಯ ಓದಿ ನೋಡಿ. ಮಕ್ಕಳನ್ನು ಕರೆತಂದವರನ್ನು ಗದರಿಸಿದ್ದು ಶಿಷ್ಯರು. ಯೇಸು ಸಿಟ್ಟಾಗಿದ್ದು ಮಕ್ಕಳ ಮೇಲಲ್ಲ, ಶಿಷ್ಯರ ಮೇಲೆ. ಆಮೇಲೆ ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದರು. ಮಗುವಿಗೆ ಆ ಅಪ್ಪಿಕೊಳ್ಳುವ ಯೇಸು ಮೊದಲು ಪರಿಚಯ ಆಗಲಿ.

"ಸಾರಿ ಹೇಳು, ಸಾರಿ ಹೇಳು" ಅಂತ ಬಲವಂತ ಮಾಡಿಸಿದ್ದು ನಮ್ಮಲ್ಲಿ ದಂಡ ಆಯಿತು. ಮಗಳು ಹೊಡೆಯೋದು, ಸಾರಿ ಅನ್ನೋದು, ಮತ್ತೆ ಹೊಡೆಯೋದು. ಕೆಲಸಕ್ಕೆ ಬಂದದ್ದು ಬೇರೆ. ಒಂದು ದಿನ ನೀರು ಚೆಲ್ಲಿದಳು ಅಂತ ಅವಳ ಮೇಲೆ ಕಿರುಚಿದ್ದೆ. ರಾತ್ರಿ ಪ್ರಾರ್ಥನೆಯಲ್ಲಿ ಅವಳಿಗೆ ಕೇಳುವ ಹಾಗೆ, "ಯೇಸಪ್ಪಾ, ಇವತ್ತು ಪಾಪು ಮೇಲೆ ಕಿರುಚಿಬಿಟ್ಟೆ, ತಪ್ಪಾಯ್ತು" ಅಂದೆ. ಅವಳ ಕಡೆ ತಿರುಗಿ "ನಿನಗೂ ತಪ್ಪಾಯ್ತು ಕಂದ" ಅಂದೆ. ಹೇಳುವಾಗ ನಾಲಿಗೆ ಹೊರಳಲಿಲ್ಲ, ಸುಳ್ಳು ಯಾಕೆ ಹೇಳಲಿ. ಕೆಲವು ವಾರ ಕಳೆದ ಮೇಲೆ ಅಣ್ಣನನ್ನು ತಳ್ಳಿದವಳು ತಾನೇ ವಾಪಸ್ ಬಂದು ಅವನ ತಲೆ ಸವರಿ "ತಪ್ಪಾತು" ಅಂದಳು. ನನ್ನದೇ ಧ್ವನಿ, ನನ್ನದೇ ರಾಗ.

ಒಬ್ಬ ತಂದೆ:

ಬೆತ್ತದ ಮಾತಿಗೆ ನಾನು ಉತ್ತರ ಕೊಡ್ತೀನಿ. ಜ್ಞಾನೋಕ್ತಿ 13:24ರಲ್ಲಿ ಬೆತ್ತ ಇದೆ, ನಿಜ. ನಾನೂ ಅದೇ ವಾಕ್ಯ ಕೇಳುತ್ತಾ, ಏಟು ತಿನ್ನುತ್ತಾ ಬೆಳೆದವನು. ಆದರೆ ಕೀರ್ತನೆ 23ರಲ್ಲೂ ಕುರುಬನ ಕೈಯಲ್ಲಿ ಕೋಲು ಇದೆ, ಅಲ್ಲಿ ಅದು ಕುರಿಗೆ ಧೈರ್ಯ ಕೊಡುತ್ತೆ. ಹಾಗಾಗಿ ಬೆತ್ತ ಅಂದರೆ ಬರೀ ಏಟು ಅಂತ ನನಗೆ ಅನಿಸುವುದಿಲ್ಲ. ಹಿರಿಯರು ಇದನ್ನು ಒಪ್ಪದೆ ಇರಬಹುದು.

ಮಗ ತಂಗಿಗೆ ಹೊಡೆದ ಅಂತ ಅವನ ಕೈಗೆ ಹೊಡೆದು "ಹೊಡೀಬಾರ್ದು ಅಂತ ಎಷ್ಟು ಸಲ ಹೇಳಬೇಕು" ಅಂದೆ. ಆ ಮಾತು ನನ್ನ ಕಿವಿಗೇ ಬಿದ್ದು ನಾಚಿಕೆಯಾಯಿತು. ಅವತ್ತೇ ಕೊನೆ. ತಂದೆಗಳಿಗೆ ಅಪೊಸ್ತಲ ಪೌಲ ತನ್ನ ಪತ್ರಗಳಲ್ಲಿ ನೇರವಾಗಿ ಹೇಳಿದ ಮಾತು ಎರಡು ಕಡೆ ಇದೆ: ಎಫೆಸ 6:4, ಕೊಲೊಸ್ಸೆ 3:21. ಎರಡರಲ್ಲೂ ಮಕ್ಕಳನ್ನು ಕೆಣಕಬೇಡಿ ಅಂತಲೇ ಇದೆ, ಕೊಲೊಸ್ಸೆಯಲ್ಲಿ ಅವರು ಮನಗುಂದಿಯಾರು ಅನ್ನುವ ಕಾರಣವೂ ಇದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ 2018ರಲ್ಲಿ ಮಕ್ಕಳಿಗೆ ಹೊಡೆಯಬೇಡಿ ಅಂತ ಸ್ಪಷ್ಟವಾಗಿಯೇ ಹೇಳಿದೆ.

ಹಾಗಂತ ನಿಮ್ಮ ಯಜಮಾನರ "ಬಿಡು" ಕೂಡ ಸರಿಯಲ್ಲ. ಯಾಜಕನಾಗಿದ್ದ ಏಲಿ ತಪ್ಪು ಮಾಡುತ್ತಿದ್ದ ತನ್ನ ಮಕ್ಕಳನ್ನು ತಡೆಯದೆ ಹೋದದ್ದೇ ಅವನ ಮೇಲೆ ಬಂದ ದೂರು (1 ಸಮುವೇಲ 3:13). ತಡೆಯಬೇಕು. ನಾವು ಮಾಡೋದು ಇಷ್ಟು: ಮಂಡಿಯೂರಿ ಅವನ ಎತ್ತರಕ್ಕೆ ಇಳಿದು, ಎತ್ತಿದ ಕೈ ಮೆಲ್ಲಗೆ ಹಿಡಿದು, "ಹೊಡೆಯೋಕೆ ಬಿಡಲ್ಲ." ಅಷ್ಟೇ ಮಾತು. ಮತ್ತೆ ಹೊಡೆದರೆ ಎತ್ತಿಕೊಂಡು ಬೇರೆ ಕಡೆ ಹೋಗೋದು. ಭಾಷಣ ಬೇಡ, ಆ ವಯಸ್ಸಿಗೆ ನಾಲ್ಕನೇ ಪದದ ಮೇಲೆ ಏನೂ ಕೇಳಿಸುವುದಿಲ್ಲ. ಅಮ್ಮ ಹೇಳಿದ್ದನ್ನೇ ಅಪ್ಪನೂ ಹೇಳಬೇಕು, ಇವತ್ತು ಹೇಳಿದ್ದನ್ನೇ ನಾಳೆಯೂ. ಎಷ್ಟು ಸಲ ಅಂತ ಎಣಿಸಲು ಹೋಗಬೇಡಿ, ಬೇಸರವಾಗುತ್ತೆ.

ಒಬ್ಬ ಅಜ್ಜಿ:

ನಮ್ಮ ಕಾಲದಲ್ಲಿ ಒಂದೆರಡು ಏಟು ಬೀಳುತ್ತಿದ್ದವು, ಮಕ್ಕಳೇನೂ ಕೆಟ್ಟು ಹೋಗಲಿಲ್ಲ. ಆದರೆ ಅವರು ಒಳ್ಳೆಯವರಾದದ್ದು ಏಟಿನಿಂದ ಅಂತ ನಾನೂ ಹೇಳಲಾರೆ. ಪೌಲನ ಜೊತೆ ಸೇವೆ ಮಾಡಿದ ತಿಮೊಥೆಯನ ನಂಬಿಕೆ ಮೊದಲು ಅವನ ಅಜ್ಜಿಯಲ್ಲಿ, ಆಮೇಲೆ ತಾಯಿಯಲ್ಲಿ ಇತ್ತು ಅಂತ ಪೌಲನೇ ಬರೆದಿದ್ದಾನಲ್ಲ. ನಿನ್ನ ಅತ್ತೆಯನ್ನು ದೂರ ಇಡಬೇಡಮ್ಮ.

ಧರ್ಮೋಪದೇಶಕಾಂಡ 6ನೇ ಅಧ್ಯಾಯದಲ್ಲಿ ದೇವರ ಮಾತನ್ನು ಮಕ್ಕಳಿಗೆ ಹೇಳಿಕೊಡೋದು ಯಾವಾಗ ಅಂತ ಇದೆ? ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಅರ್ಧ ಗಂಟೆ ಕೈ ಕಟ್ಟಿ ಕೂರಿಸಿ ಅಂತ ಇಲ್ಲ. ನನ್ನ ಮೊಮ್ಮಗನಿಗೆ ಒಂದೇ ಸಾಲಿನ ಪ್ರಾರ್ಥನೆ. ಯಾವುದಕ್ಕೆ ಸ್ತೋತ್ರ ಅನ್ನೋದು ಅವನಿಗೇ ಬಿಟ್ಟದ್ದು. ಎರಡು ವಾರ ದಿನಾ ರಾತ್ರಿ "ಬಸ್ಸಿಗೆ ಸ್ತೋತ್ರ, ಆಮೆನ್." ನಗಬಾರದು. ನಕ್ಕರೆ ನಾಳೆಯಿಂದ ನಾಟಕ ಶುರು. ಹಾಗೆಯೇ ಮನೆಗೆ ಬಂದವರ ಮುಂದೆ ವಾಕ್ಯ ಹೇಳಿಸುವುದನ್ನೂ ಬಿಡಿ.

ಸಂಡೇ ಸ್ಕೂಲ್ ಟೀಚರ್:

ಆರಾಧನೆಯಲ್ಲಿ ಓಡುವುದಕ್ಕೆ: ಹಿಂದೆ ಕೂರಬೇಡಿ, ಮುಂದೆ ಕೂರಿ. ಹಿಂದೆ ಕೂತರೆ ಅದಕ್ಕೆ ಕಾಣುವುದು ಬರೀ ಬೆನ್ನುಗಳು. ಒಳಗೆ ಬರುವ ಮೊದಲು ಚೆನ್ನಾಗಿ ಓಡಾಡಿಸಿ. ಹಾಡುವಾಗ ನಿಲ್ಲಿಸಿ, ಚಪ್ಪಾಳೆ ತಟ್ಟಿಸಿ. ಪ್ರಸಂಗದ ಹೊತ್ತಿಗೆ ಬಟ್ಟೆಯ ಪುಸ್ತಕ. ಗಲಾಟೆ ಆದರೆ ಹೊರಗೆ ಕರೆದೊಯ್ಯಿರಿ, ಆದರೆ ಹೊರಗೆ ಆಟ ಬೇಡ. ಆಡಿಸಿದರೆ ಮುಂದಿನ ವಾರ ಹೊರಗೆ ಹೋಗಲೆಂದೇ ಗಲಾಟೆ. ಮೊಬೈಲ್ ಕೊಟ್ಟು ಕೂರಿಸುವುದು ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರು ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ಅದನ್ನೇಕೆ ಆರಾಧನೆಯಲ್ಲೇ ಖರ್ಚು ಮಾಡಬೇಕು?

ದೊಡ್ಡವರಿಗೆ ಮರ್ಯಾದೆ ಅಂತ ಮುತ್ತು ಕೊಡಿಸಬೇಡಿ. ಕೈ ಬೀಸಿದರೂ ಸಾಕು.

"ಥ್ಯಾಂಕ್ಸ್" ಕಲಿಸಲು ನನ್ನ ಬಳಿ ಒಂದು ಆಟ ಇದೆ. ಲೂಕ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾಗುತ್ತಾರೆ, ತಿರುಗಿ ಬಂದು ಕೃತಜ್ಞತೆ ಹೇಳುವವನು ಒಬ್ಬನೇ, ಅವನೂ ಯೆಹೂದ್ಯರು ದೂರ ಇಟ್ಟಿದ್ದ ಸಮಾರ್ಯದವನು. ಹತ್ತು ಗೊಂಬೆ ಸಾಲಾಗಿ ಇಡಿ. ಒಂಬತ್ತು ಓಡಿ ಹೋಗಲಿ. ಹತ್ತನೆಯದನ್ನು ಮಗುವಿನ ಕೈಯಿಂದಲೇ ವಾಪಸ್ ಕರೆಸಿ "ಥ್ಯಾಂಕ್ಸ್ ಯೇಸಪ್ಪಾ" ಅಂತ ಜೋರಾಗಿ ಕೂಗಿಸಿ. ರೋಗದ ಭಯದ ವಿವರ ಬೇಡ, "ಮೈ ಹುಷಾರಿರಲಿಲ್ಲ" ಸಾಕು.

ಕೇಳಿದ ತಾಯಿ:

ಎಲ್ಲರಿಗೂ ವಂದನೆ. ಅತ್ತೆಯವರ ಹತ್ತಿರ ವಾಕ್ಯಕ್ಕೆ ವಾಕ್ಯ ಎಸೆದು ವಾದ ಮಾಡಲಿಲ್ಲ. ರಾತ್ರಿಯ ಕಥೆ ನೀವೇ ಹೇಳಿ ಅಂದೆ. ನಿನ್ನೆ ಹತ್ತು ಗೊಂಬೆ ಸಿಗದೆ ಚಮಚ ಸಾಲಾಗಿಟ್ಟರು. ಒಂಬತ್ತು ಚಮಚ ಮಂಚದ ಕೆಳಗೆ ಓಡಿದವು. ಹತ್ತನೆಯದು ವಾಪಸ್ ಬಂತು, ಮಗಳು "ಥ್ಯಾಂಕ್ಸ್ ಯೇಸಪ್ಪಾ" ಅಂತ ಮನೆ ಹಾರಿಹೋಗುವ ಹಾಗೆ ಕೂಗಿದಳು. ಅತ್ತೆ ಚಮಚ ಕೊಡು ಅಂದರು. "ನಂದು." ಅದನ್ನು ಹಿಡಿದುಕೊಂಡೇ ಮಲಗಿದ್ದಾಳೆ. ಅತ್ತೆ ಬೆತ್ತದ ಮಾತೆತ್ತಲಿಲ್ಲ, "ನಾಳೆ ನನ್ನ ಸರದಿ" ಅಂದು ದೀಪ ಆರಿಸಿದರು.